ಎರಡು ಗುಳಿಗೆಗಳು

ಶಿರಸಿಯವರು ದೇವಿಮನೆ ಘಟ್ಟವನ್ನಿಳಿದು ಕಡಲನ್ನು ಸೇರುವರು. ಯಲ್ಲಾಪುರದವರು ಅರಬೈಲು ಘಟ್ಟವನ್ನಿಳಿದು. ಕಡಲು ಒಂದೇ ಆದರೂ ದಾರಿ ಬೇರೆ. ರಕ್ತವು ಹೆಪ್ಪುಗಟ್ಟದಂತೆ ತಡೆಯುವ ಔಷಧಗಳ ವಿಷಯವೂ ಹೀಗೆಯೇ.

ಸಿದ್ದಾಪುರ ಸೀಮೆಯ ತೋಟದ ಮನೆಯೊಂದರ ಯಜಮಾನರು ಹೃದಯಕ್ಕೆ ಲೋಹದ ಕವಾಟವನ್ನು ಜೋಡಿಸಿಕೊಂಡವರು. ನಿತ್ಯವೂ ವಾರ್ಫರಿನ್ ಗುಳಿಗೆಯನ್ನು ಸೇವಿಸುವರು. ಯಲ್ಲಾಪುರದಿಂದ ಬಂದ ಭಾವನವರಿಗೆ, ಹೃದಯದ ಬಡಿತವು ಲಯ ತಪ್ಪಿದುದಕ್ಕಾಗಿ, ಡಾಬಿಗಟ್ರಾನ್. ಊಟದಲ್ಲಿ ಭಾವನವರು ಬಸಳೆಯ ಹುಳಿಯನ್ನು ಮತ್ತೆ ಬಡಿಸಿಕೊಂಡರು. ಯಜಮಾನರು ಎಲೆಗೆ ಕೈ ಅಡ್ಡ ಹಿಡಿದರು. “ಭಾವ, ನನ್ನ ಗುಳಿಗೆಯನ್ನೇ ನುಂಗಿರಿ, ಈ ಪಥ್ಯದ ಕಾಟವೇ ಇಲ್ಲ” ಎಂಬ ಮಾತು ಬಂದಿತು. ಯಜಮಾನರ ಮನಸ್ಸೂ ಚಲಿಸಿತು.

ಅಪಾಯವಿರುವುದು ಇಲ್ಲಿಯೇ. ರಕ್ತವನ್ನು ಹೆಪ್ಪುಗಟ್ಟಿಸುವ ಕೆಲವು ಅಂಶಗಳನ್ನು ಯಕೃತ್ತು ‘ಕೆ’ ಜೀವಸತ್ವದ ನೆರವಿನಿಂದ ಸಿದ್ಧಪಡಿಸುವುದು. ವಾರ್ಫರಿನ್ ಆ ನೆರವನ್ನು ಅಲ್ಲಿಯೇ ತಡೆಯುವುದು. ತಾನು ಕರಗಿ ಕಳೆಯುವುದೂ ಅಲ್ಲಿಯೇ. ಆದುದರಿಂದ ಸೊಪ್ಪು ಒಮ್ಮೆಲೇ ಹೆಚ್ಚಿದರೆ ಅದರ ಬಲ ಕುಗ್ಗುವುದು. ಯಕೃತ್ತು ಸೊರಗಿದರೆ ಬಲ ಮಿತಿಮೀರುವುದು. ಡಾಬಿಗಟ್ರಾನ್ ರಕ್ತದಲ್ಲಿರುವ ಥ್ರಾಂಬಿನ್ನನ್ನು ನೇರವಾಗಿ ಹಿಡಿದು, ಬಹುಪಾಲು ಮೂತ್ರಪಿಂಡಗಳ ದಾರಿಯಿಂದ ಹೊರಬೀಳುವುದು. ಅದಕ್ಕೆ ಸೊಪ್ಪಿನ ಹಂಗಿಲ್ಲ. ಆದರೆ ಲೋಹದ ಕವಾಟವುಳ್ಳವರಿಗೆ ಅದನ್ನು ಕೊಟ್ಟು ನೋಡಿದ ಪರೀಕ್ಷೆಯನ್ನು, ಹೆಪ್ಪೂ ರಕ್ತಸ್ರಾವವೂ ಹೆಚ್ಚಿದುದರಿಂದ, 2012ರಲ್ಲಿ ನಿಲ್ಲಿಸಬೇಕಾಯಿತು.

ಮರುದಿನ ಯಜಮಾನರು ಶಿರಸಿಗೆ ಹೋಗಿ ವೈದ್ಯರನ್ನು ಕೇಳಿದರು. ಗುಳಿಗೆಯನ್ನು ಬದಲಿಸಕೂಡದು; ಸೊಪ್ಪನ್ನು ಬಿಡಬೇಕಾಗಿಲ್ಲ, ಅಳತೆ ದಿನವೂ ಸಮನಾಗಿರಲಿ, ರಕ್ತಪರೀಕ್ಷೆ ತಪ್ಪದಿರಲಿ ಎಂದು ಉತ್ತರ ಬಂದಿತು. ಈಗ ಆ ಎಲೆಗೆ ದಿನವೂ ಒಂದೇ ಸೌಟು ಸೊಪ್ಪಿನ ಪದಾರ್ಥ ಬೀಳುತ್ತದೆ. ಭಾವನವರ ಗುಳಿಗೆ ಭಾವನವರ ಚೀಲದಲ್ಲಿಯೇ ಉಳಿದಿದೆ.