ಕಿಟಕಿ ಮುಚ್ಚಿದ ಮೇಲೆ ಬಂದ ಉತ್ತರ

ಪ್ರೋಗ್ರಾಂ ಬರೆಯೋರಿಗೆ ಕಾಲ್‌ಬ್ಯಾಕ್ ಹೊಸದೇನಲ್ಲ. ಕೆಲಸ ಮುಗಿದಾಗ ನನ್ನ ಈ ಫಂಕ್ಷನ್ ಕರಿ ಅಂತ ಹೇಳಿಟ್ಟು ಹೋಗೋದು, ಅಷ್ಟೆ. ಬಟನ್ ಒತ್ತಿದಾಗ, ಟೈಮರ್ ಮುಗಿದಾಗ, ಸರ್ವರ್‌ನಿಂದ ಉತ್ತರ ಬಂದಾಗ. ಹೇಳಿಟ್ಟು ಹೋದವರು ಅಷ್ಟು ಹೊತ್ತಿಗೆ ಬದುಕಿರ್ತಾರಾ ಅನ್ನೋದನ್ನ ಮಾತ್ರ ಹೆಚ್ಚಿನವರು ಕೇಳಿಕೊಳ್ಳೋದಿಲ್ಲ.

ಬಾಡಿಗೆ ಮನೆಗಳಲ್ಲಿ ಬದುಕಿದವರಿಗೆ ಇದು ಬೇಗ ಅರ್ಥವಾಗತ್ತೆ. ಸಿಲಿಂಡರ್ ಬಂದ್ರೆ ಫೋನ್ ಮಾಡಿ ಅಂತ ಪಕ್ಕದ ಮನೆಯವರಿಗೆ ನಂಬರ್ ಕೊಟ್ಟಿರ್ತೀರಿ. ಆಮೇಲೆ ಮನೆ ಖಾಲಿ ಮಾಡ್ತೀರಿ, ಆ ನಂಬರನ್ನೂ ಬಿಡ್ತೀರಿ. ಅವರು ಪಾಪ ನೆನಪಿಟ್ಟುಕೊಂಡು ಫೋನ್ ಮಾಡ್ತಾರೆ, ಎತ್ತಿಕೊಳ್ಳೋನು ಇನ್ಯಾರೋ. ಕಂಪ್ಯೂಟರಿನ ಮೆಮೊರಿಯೂ ಹೀಗೇ. ಬಿಟ್ಟುಕೊಟ್ಟ ಜಾಗದಲ್ಲಿ ಬೇರೊಬ್ಬರು ಬಂದು ಕೂತಿರಬಹುದು, ಬಾರದೆಯೂ ಇರಬಹುದು. ಅದಕ್ಕೇ ಇಂಥ ತಪ್ಪು ದಿನಾ ಕಾಣಿಸಿಕೊಳ್ಳೋದಿಲ್ಲ.

ಒಂದು ರಕ್ತಪರೀಕ್ಷಾ ಲ್ಯಾಬಿನ ತಂತ್ರಾಂಶ ನಮ್ಮ ಕೈಗೆ ಬಂತು. ಸಿ ಪ್ಲಸ್ ಪ್ಲಸ್‌ನಲ್ಲಿ, ಕ್ಯೂಟಿ ಬಳಸಿ ಬರೆದದ್ದು. ಆಗಾಗ ತಾನಾಗೇ ಮುಚ್ಚಿಕೊಳ್ತಿತ್ತು. ಮೊದಲು ಬರೆದವರ ಪ್ರಕಾರ ಕೌಂಟರಿನ ಮೇಡಂಗೆ ಬಳಸೋಕೆ ಬರಲ್ಲ! ಆಕೆಯ ಕೆಲಸಕ್ಕೇ ಕುತ್ತು ಬರೋ ಹಾಗಿತ್ತು. ಆಕೆ ಮಾತ್ರ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿಸಲವೂ ಹೊತ್ತು ಬರೆದಿಟ್ಟಿದ್ದರು, ಆಗ ತಾವೇನು ಮಾಡ್ತಿದ್ದೆ ಅನ್ನೋದನ್ನೂ. “ಜನ ಜಾಸ್ತಿ ಇದ್ದಾಗ್ಲೇ ಸಾರ್, ರಿಪೋರ್ಟ್ ಬರೋ ಮುಂಚೆ ಆ ವಿಂಡೋ ಮುಚ್ಚಿ ಮುಂದಿನವರದ್ದು ತೆಗೀತೀನಲ್ಲ, ಆಗ.” ನಮ್ಮ ಲಾಗ್ ಫೈಲಿಗಿಂತ ಆ ನೋಟ್‌ಬುಕ್ ಚೆನ್ನಾಗಿತ್ತು.

ಕ್ಯೂಟಿಯಲ್ಲಿ ಒಡೆತನದ ನಿಯಮ ಮನೆತನದ್ದು. ತಂದೆ ವಸ್ತು ಅಳಿದರೆ ಮಕ್ಕಳೂ ಅಳಿಯುತ್ತವೆ. ಸಂಕೇತ ಕಳಿಸೋದು ಯಾರು, ಪಡೆಯೋದು ಯಾರು ಅಂತ ಎರಡೂ ಹೇಳಿ ಜೋಡಿಸಿದ್ದರೆ, ಯಾರೇ ಅಳಿದರೂ ಆ ನಂಟನ್ನು ಕ್ಯೂಟಿ ತಾನೇ ಕಡಿಯತ್ತೆ. ಇಲ್ಲಿ ಪಡೆಯುವವರ ಜಾಗದಲ್ಲಿ ಬರೀ ಒಂದು ಲ್ಯಾಂಬ್ಡಾ ಇತ್ತು. ಅದರ ಹೊಟ್ಟೆಯೊಳಗೆ ವಿಂಡೋದ ವಿಳಾಸ. ಒಳಗಿರೋದನ್ನ ಕ್ಯೂಟಿ ಹೇಗೆ ನೋಡತ್ತೆ? ಮುಚ್ಚಿದ ಕೂಡಲೇ ವಿಂಡೋ ಅಳಿದುಹೋಗ್ತಿತ್ತು, ಸರ್ವರಿನ ಉತ್ತರ ಆ ಹಳೇ ವಿಳಾಸಕ್ಕೇ ಬರ್ತಿತ್ತು. ಲ್ಯಾಂಬ್ಡಾದ ಮುಂಚೆ ‘ದಿಸ್’ ಅಂತ ಒಂದು ಪದ ಸೇರಿಸಿದ್ವಿ. ವಿಂಡೋ ಹೋದರೆ ನಂಟೂ ಹೋಗತ್ತೆ. ಬೀಳೋದು ನಿಂತಿತು.

ಜಾವಾದವರು ನಗಬೇಕಾಗಿಲ್ಲ. ಅಲ್ಲಿ ಉಲ್ಟಾ ಕಾಟ: ಲಿಸನರ್ ಪಟ್ಟಿಯಿಂದ ಹೆಸರು ತೆಗೆಯದಿದ್ದರೆ, ಮುಚ್ಚಿದ ವಿಂಡೋ ಸಾಯೋದೇ ಇಲ್ಲ, ಮೆಮೊರಿ ತಿಂತಾ ಕೂತಿರತ್ತೆ.

ಆದ್ರೆ ಬೀಳೋದು ನಿಂತರೆ ಸಾಕಾ? ಈಗ ಉತ್ತರ ಬಂದರೆ ಕೇಳೋರೇ ಇಲ್ಲ, ರೋಗಿಯ ರಿಪೋರ್ಟ್ ಸದ್ದಿಲ್ಲದೆ ಕಳೆದುಹೋಗತ್ತೆ. ನನ್ನ ಪ್ರಕಾರ ಇದು ಬೀಳೋದಕ್ಕಿಂತ ಕೆಟ್ಟದ್ದು. ಬಿದ್ದರೆ ಗೊತ್ತಾದರೂ ಆಗ್ತಿತ್ತು. ಉತ್ತರಕ್ಕೆ ಕಾಯೋ ಕೆಲಸ ವಿಂಡೋದ್ದಾಗಿರಲೇಬಾರದಿತ್ತು, ಅದು ರೋಗಿಯ ದಾಖಲೆಯದ್ದು. ಹಾಗಾಗಿ ಕಾಲ್‌ಬ್ಯಾಕನ್ನ ದಾಖಲೆಗೆ ಕೊಟ್ವಿ. ವಿಂಡೋ ಈಗ ಬರೀ ನೋಡೋಕೆ. ಮುಚ್ಚಿ, ತೆಗೆಯಿರಿ, ರಿಪೋರ್ಟ್ ಅಲ್ಲೇ ಇರತ್ತೆ. ಮೊದಲಿನ ರಿಪೇರಿಗೆ ಒಂದು ಪದ ಸಾಕಾಗಿತ್ತು, ಇದಕ್ಕೆ ಎರಡು ವಾರ ಹಿಡೀತು. ಲ್ಯಾಬಿನವರಿಗೆ ಕೊಟ್ಟ ವರದಿಗೆ ಮೇಡಂ ನೋಟ್‌ಬುಕ್ಕಿನ ಪುಟಗಳನ್ನೂ ಲಗತ್ತಿಸಿದ್ವಿ.