ದಂಡ ಕಟ್ಟಿದವರು ಯಾರು?

ನಮ್ಮೂರು ಬೇಡಕಿಹಾಳ. ಚಿಕ್ಕೋಡಿ, ನಿಪ್ಪಾಣಿ ಕಡೆಯವರನ್ನು ಬಿಟ್ಟರೆ ನಮ್ಮ ಹಾಸ್ಟೆಲಿನಲ್ಲಿ ಈ ಹೆಸರು ಕೇಳಿದವರೇ ಇಲ್ಲ. ಕಬ್ಬಿನ ಸೀಮೆ, ಮನೆ ದಾಟಿದರೆ ಅರ್ಧ ಕನ್ನಡ ಅರ್ಧ ಮರಾಠಿ ಮಾತು. ಕೊಲ್ಹಾಪುರ ಹತ್ತಿರ ಇರೋದರಿಂದ ಅಲ್ಲಿನ ಫುಟ್‌ಬಾಲ್ ಹುಚ್ಚು ನಮಗೂ ಸ್ವಲ್ಪ ಅಂಟಿದೆ. ನನಗಿಂತ ಹೆಚ್ಚು ಅಂಟಿದ್ದು ನನ್ನ ತಂಗಿಗೆ. ಶಾಲೆ ಮೈದಾನದಲ್ಲಿ ಹುಡುಗರ ಜತೆ ಆಡಿ ದಿನಾ ಅವ್ವನ ಕೈಲಿ ಬೈಸಿಕೊಳ್ಳುತ್ತಿದ್ದಳು.

2023ರ ಮಾರ್ಚ್ 3 ನಿಮಗೂ ನೆನಪಿರಬಹುದು. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ, ಕೇರಳ ಬ್ಲಾಸ್ಟರ್ಸ್ ನಡುವಿನ ಐಎಸ್‌ಎಲ್ ಪ್ಲೇಆಫ್. ಎಕ್ಸ್‌ಟ್ರಾ ಟೈಮಿನಲ್ಲಿ ಸುನಿಲ್ ಛೆಟ್ರಿ ಫ್ರೀಕಿಕ್ ಹೊಡೆದಾಗ ಎದುರಾಳಿಗಳಿನ್ನೂ ಗೋಡೆ ಕಟ್ಟುತ್ತಿದ್ದರು. ರೆಫರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನೇ ಕರಕೊಂಡು ಹೊರಗೆ ಹೋದರು. ನಾವು ಹಾಸ್ಟೆಲ್ ರೂಮಿನಲ್ಲಿ ಕುಣಿದಾಡಿದೆವು. ತಿಂಗಳ ಕೊನೆಗೆ ಫೆಡರೇಶನ್ 4 ಕೋಟಿ ರೂಪಾಯಿ ದಂಡ ಹಾಕಿದಾಗ ಮೀಮ್ ಮಾಡಿ ಹಂಚಿದವರಲ್ಲಿ ನಾನೂ ಒಬ್ಬ.

ಜೂನಿನಲ್ಲಿ ಊರಿಗೆ ಹೋಗಿದ್ದೆ. ಮೇಲ್ಮನವಿ ತಿರಸ್ಕಾರವಾದ ಕೆಲವೇ ದಿನಕ್ಕೆ ಬ್ಲಾಸ್ಟರ್ಸ್ ಇನ್ನೊಂದು ಪ್ರಕಟಣೆ ಕೊಟ್ಟಿತು: ದಂಡದ ಹೊರೆಯಿಂದಾಗಿ ಮಹಿಳಾ ತಂಡವನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತಿದ್ದೇವೆ. ಆ ತಂಡ ಶುರುವಾಗಿದ್ದು 2022ರ ಜುಲೈನಲ್ಲಿ. ಒಂದು ವರ್ಷವೂ ತುಂಬಿರಲಿಲ್ಲ.

ತಂಗಿ ನನ್ನ ಮೊಬೈಲ್ ಕಸಿದುಕೊಂಡು ಓದಿದಳು. "ಅಣ್ಣಾ, ಆಟ ಬಿಟ್ಟು ಹೋದವ್ರು ಗಂಡಸರು. ಟೀಮ್ ಬಂದ್ ಆಗಿದ್ದು ಹುಡುಗ್ಯಾರ್ದು ಯಾಕ?"

"ಕ್ಲಬ್ ಹತ್ರ ರೊಕ್ಕ ಇಲ್ಲ, ಅದಕ್ಕ" ಅಂದೆ.

ಆಕೆ ಏನೂ ಅನ್ನಲಿಲ್ಲ. ಅನ್ನದಿದ್ದರೂ ನನಗೆ ಚುಚ್ಚಿತು. ಫಸ್ಟ್ ಸೆಮ್‌ನಲ್ಲಿ ನನ್ನ ಮೂರು ಸಬ್ಜೆಕ್ಟ್ ಹೋಗಿದ್ದವು. ಓದದೆ ಹೋಗಿದ್ದವು, ಬೇರೆ ಕಾರಣ ಇಲ್ಲ. ಎಕ್ಸಾಮ್ ಫೀ, ಮ್ಯಾಥ್ಸ್ ಟ್ಯೂಷನ್ ಅಂತ ಅಪ್ಪನಿಂದ ಮತ್ತೆ ರೊಕ್ಕ ತರಿಸಿಕೊಂಡಿದ್ದೆ. ಕಬ್ಬಿನ ಬಿಲ್ ಇನ್ನೂ ಬಂದಿರಲಿಲ್ಲ. ಅದೇ ಬೇಸಿಗೆಯಲ್ಲಿ ತಂಗಿ ಕೊಲ್ಹಾಪುರದ ಫುಟ್‌ಬಾಲ್ ಕ್ಯಾಂಪಿಗೆ ಹೋಗಬೇಕಿತ್ತು. "ಈ ವರ್ಷ ಬ್ಯಾಡವ್ವ, ಮುಂದಿನ ವರ್ಷ ನೋಡೋಣು" ಅಂದಿದ್ದರು ಅಪ್ಪ. ಅದೂ ತಾತ್ಕಾಲಿಕವೇ.

ಫೇಲಾದವನು ನಾನು, ಕ್ಯಾಂಪ್ ತಪ್ಪಿದ್ದು ಆಕೆಗೆ. ಮನೆಯಲ್ಲಿ ಯಾರೂ ಅದನ್ನು ಅನ್ಯಾಯ ಅಂತ ಕರೆದಿರಲಿಲ್ಲ. ನಾನಂತೂ ಆ ಬಗ್ಗೆ ಯೋಚನೆ ಕೂಡ ಮಾಡಿರಲಿಲ್ಲ. ಅಪ್ಪ ಕೆಟ್ಟವರಲ್ಲ, ರೊಕ್ಕ ಕಡಿಮೆ ಬಿದ್ದಾಗ ಎಲ್ಲಿ ಕತ್ತರಿ ಹಾಕಿದರೆ ಗಲಾಟೆ ಆಗೋದಿಲ್ಲವೋ ಅಲ್ಲಿ ಹಾಕಿದರು. ಅಷ್ಟು ದೊಡ್ಡ ಕ್ಲಬ್ ಮಾಡಿದ್ದೂ ಅದನ್ನೇ ಅಂತ ನನಗನಿಸಿತು.

ಮುಂದಿನ ವರ್ಷ ತಂಗಿಗೆ ಎಸ್ಸೆಸ್ಸೆಲ್ಸಿ ಬಂತು. ಕ್ಯಾಂಪಿಗೆಂದು ಕೊಂಡಿದ್ದ ಸ್ಟಡ್ಸ್ ಆಕೆಯ ಕಾಲಿಗೆ ಈಗ ಹಿಡಿಸೋದಿಲ್ಲ. ಇಂಟರ್ನ್‌ಶಿಪ್ಪಿನ ಮೊದಲ ದುಡ್ಡಲ್ಲಿ ಹೊಸದು ತಗೊಂಡು ಹೋದೆ. ಹಾಕಿ ನೋಡಿ, "ಛಲೋ ಅದಾವ" ಅಂದಳು. ಆಡಲು ಟೀಮ್ ಎಲ್ಲಿದೆ ಅಂತ ಕೇಳಲಿಲ್ಲ.

ಈ ಸಲ ನಮ್ಮ ಕಾಲೇಜಿನ ಸ್ಪೋರ್ಟ್ಸ್ ಬಜೆಟ್ ಮೀಟಿಂಗಿಗೆ ನೀವೂ ಬನ್ನಿ. ಯಾವ ಸಾಲಿನ ಮೇಲೆ ಮೊದಲು ಗೆರೆ ಎಳೆಯುತ್ತಾರೆ ಅಂತ ನೋಡೋಣ. ಅದು ಹುಡುಗಿಯರ ಟೀಮಿನ ಸಾಲಾಗಿದ್ದರೆ, ಈ ಸಲ ನಾನು ಗಲಾಟೆ ಮಾಡುವವನಿದ್ದೇನೆ.