ನಾಲಿಗೆಗೂ ಉಪವಾಸವಿರಲಿ

ರಮಝಾನಿನ ಉಪವಾಸ ಕಡ್ಡಾಯವಾದದ್ದು ಹಿಜರಿ 2ನೆಯ ವರ್ಷದಲ್ಲಿ. ಅದರ ಗುರಿ ತಕ್ವಾ ಎಂದು ಪವಿತ್ರ ಕುರ್‌ಆನ್‌ (2:183) ತಿಳಿಸುತ್ತದೆ. ಅಲ್ಲಾಹನು ನೋಡುತ್ತಿದ್ದಾನೆಂಬ ಎಚ್ಚರದಿಂದ ಬದುಕುವುದೇ ತಕ್ವಾ. ನಮಾಝನ್ನು ಜನರು ಕಾಣುತ್ತಾರೆ. ಝಕಾತನ್ನು ಪಡೆದವನು ಅರಿಯುತ್ತಾನೆ. ಉಪವಾಸವಾದರೋ ದಾಸನಿಗೂ ಒಡೆಯನಿಗೂ ಮಾತ್ರ ತಿಳಿದ ಆರಾಧನೆ. ಇದನ್ನು ನಾವು ಮಕ್ಕಳಿಗೆ ಹಲವು ವರ್ಷಗಳಿಂದ ಬೋಧಿಸುತ್ತಿದ್ದೇವೆ. ಆದರೆ ನಾವೇ ಅದನ್ನು ಕಲಿತದ್ದು ಯರಗುಪ್ಪಿಯಲ್ಲಿ.

2025ರ ರಮಝಾನ್ ಮಾರ್ಚ್ ತಿಂಗಳಲ್ಲಿ ಬಂದಿತ್ತು. ಎರೆಹೊಲಗಳ ಮೇಲೆ ಬಿಸಿಲು ಏರುತ್ತಿದ್ದ ದಿನಗಳು. ಒಂದು ಮಧ್ಯಾಹ್ನ ಝುಹರ್ ನಮಾಝಿಗೆ ಹೊರಟಾಗ, ಹಿರಿಯ ಕೂಲಿಕಾರರೊಬ್ಬರು ಬೇವಿನ ಮರದ ಮರೆಯಲ್ಲಿ ನೀರು ಕುಡಿಯುತ್ತಿರುವುದನ್ನು ಕಂಡೆವು. “ಈ ವಯಸ್ಸಿನಲ್ಲೂ ಅಲ್ಲಾಹನ ಭಯವಿಲ್ಲವೇ?” ಎಂದು ನಾಲ್ಕು ಜನರ ಎದುರೇ ಗದರಿಸಿದೆವು. ಅವರು ಮರುಮಾತಾಡದೆ ತಲೆ ತಗ್ಗಿಸಿ ನಡೆದರು. ಅಂದು ರಾತ್ರಿ ತರಾವೀಹ್‌ಗೂ ಬರಲಿಲ್ಲ.

ಮನಸ್ಸು ತಡೆಯದೆ ಮರುದಿನ ಅವರ ಮನೆಗೆ ಹೋದೆವು. “ಸಕ್ರಿ ಬ್ಯಾನಿ ಐತ್ರಿ ಹಜರತ್, ಡಾಕ್ಟರು ರೋಜಾ ಬ್ಯಾಡಂದಾರ್ರಿ” ಎಂದರು. ಅದಕ್ಕೆ ಪ್ರತಿಯಾಗಿ ಅವರು ಫಿದ್ಯಾ ಸಲ್ಲಿಸುತ್ತಿದ್ದರು: ಓಣಿಯ ಬಡ ವಿಧವೆಯೊಬ್ಬರಿಗೆ ದಿನವೂ ಎರಡು ಹೊತ್ತಿನ ಊಟ ಅವರ ಮನೆಯಿಂದಲೇ ಹೋಗುತ್ತಿತ್ತು. ಅದನ್ನೂ ಅವರು ಯಾರಿಗೂ ಹೇಳಿರಲಿಲ್ಲ.

ರೋಗಿಗಳಿಗೆ, ಪ್ರಯಾಣಿಕರಿಗೆ ಅಲ್ಲಾಹನೇ ವಿನಾಯಿತಿ ನೀಡಿದ್ದಾನೆ (2:184). ಆ ಸೂಕ್ತವನ್ನು ಕಂಠಪಾಠ ಮಾಡಿಸುವ ನಾವೇ ಅದನ್ನು ಮರೆತಿದ್ದೆವು. ಯಾರಾದರೂ ಬೈದರೆ, ತಾನು ಉಪವಾಸಿಗನೆಂದಷ್ಟೇ ಹೇಳಿ ಸುಮ್ಮನಾಗಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಇಲ್ಲಿ ಉಪವಾಸಿಗರಾದ ನಾವು ಬೈದೆವು, ಉಪವಾಸವಿರದ ಅವರು ಸಹಿಸಿದರು. ಆ ದಿನ ನಮ್ಮ ಹೊಟ್ಟೆ ಹಸಿದಿತ್ತು, ನಾಲಿಗೆ ಮಾತ್ರ ತನಗೆ ಬೇಕಾದುದನ್ನು ಉಂಡಿತ್ತು.

ನಾಲ್ವರ ಎದುರು ಆಡಿದ ಮಾತಿಗೆ ನಾಲ್ವರ ಎದುರೇ ಕ್ಷಮೆ ಕೇಳಬೇಕಲ್ಲವೇ? ಶುಕ್ರವಾರದ ನಮಾಝಿನ ಬಳಿಕ, ಅವರ ಕಾಯಿಲೆಯ ವಿಷಯವೆತ್ತದೆ, ತಪ್ಪು ನಮ್ಮದೆಂದು ಒಪ್ಪಿಕೊಂಡು ಕೈ ಹಿಡಿದೆವು. ಅಂದಿನ ತರಾವೀಹ್‌ನಲ್ಲಿ ಅವರು ಮೊದಲ ಸಾಲಿನಲ್ಲಿ ನಿಂತಿದ್ದರು.

ಹಸಿವು ದೇಹವನ್ನು ಹದಗೊಳಿಸುತ್ತದೆ, ಬಡವನ ನೋವನ್ನು ಅರಿಯುವಂತೆ ಮಾಡುತ್ತದೆ. ಆದರೆ ಉಪವಾಸವು ನಮ್ಮನ್ನು ಕಾವಲುಗಾರರನ್ನಾಗಿ ನಿಲ್ಲಿಸುವುದು ಅನ್ಯರ ತುಟಿಗಳ ಮುಂದಲ್ಲ, ನಮ್ಮ ನಾಲಿಗೆಯ ಮುಂದೆ. ಮನೆಯಲ್ಲಿ ಔಷಧಿ ಸೇವಿಸುವ ಹಿರಿಯರು, ಬಾಣಂತಿಯರು ಇದ್ದರೆ ಅವರಿಗೆ ಸಂಕೋಚವಾಗದಂತೆ ನೀರು ಕೊಡೋಣ.

ಅಲ್ಲಾಹನು ನಮ್ಮ ತಪ್ಪುಗಳನ್ನು ಮನ್ನಿಸಿ, ನಮ್ಮೆಲ್ಲರ ಉಪವಾಸಗಳನ್ನು ಸ್ವೀಕರಿಸಲಿ. ಆಮೀನ್.